ಫುಟ್‌ಪಾತಿಗೆ ಎರಡು ಚಕ್ರ ಏರಿಸಿದರೆ ಆಂಬುಲೆನ್ಸಿಗೆ ದಾರಿಯಾಗುತ್ತದೆಯೇ?

ಪ್ರಶ್ನೆ: ನಮ್ಮದು ವಸತಿ ಪ್ರದೇಶದ ಹಳೆಯ ರಸ್ತೆ. ಟಾರು ಹಾಕಿದ ಭಾಗ ಐದೂವರೆ ಮೀಟರ್ ಅಗಲವಿದೆ. ಎರಡೂ ಬದಿಯಲ್ಲಿ ಒಂದೂವರೆ ಮೀಟರ್ ಅಗಲದ ಪಾದಚಾರಿ ಮಾರ್ಗವಿದೆ. ಬಹುತೇಕ ಪ್ರತಿ ಮನೆಗೂ ಕಾರಿದೆ. ಎಲ್ಲರೂ ಎರಡು ಚಕ್ರಗಳನ್ನು ಪಾದಚಾರಿ ಮಾರ್ಗಕ್ಕೆ ಏರಿಸಿಯೇ ನಿಲ್ಲಿಸುತ್ತೇವೆ, ನಾನೂ ಹಾಗೆಯೇ ಮಾಡುತ್ತೇನೆ. ಕೆಳಗೆ ನಿಲ್ಲಿಸಿದರೆ ಆಂಬುಲೆನ್ಸ್ ಬರಲಾಗದು ಎಂಬುದು ನಾವು ಕೊಡುವ ಕಾರಣ. ಈಚೆಗೆ ಎದುರು ಮನೆಗೆ ಗಾಲಿಕುರ್ಚಿ ಬಳಸುವ ಹಿರಿಯರೊಬ್ಬರು ಬಂದಿದ್ದಾರೆ. ಅವರು ರಸ್ತೆಯ ನಡುವೆಯೇ ಸಾಗಬೇಕಾಗಿದೆ. ನಮ್ಮಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಇದಕ್ಕೆ ಪರಿಹಾರವಿದೆಯೇ? ನಾನೊಬ್ಬನೇ ಕಾರನ್ನು ಕೆಳಗಿಳಿಸಿದರೆ ಏನಾದರೂ ಬದಲಾದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಎರಡು ಅಳತೆಗಳಿವೆ, ಐದೂವರೆ ಮತ್ತು ಒಂದೂವರೆ. ಇಂಥ ದೂರು ಬರೆಯುವವರಲ್ಲಿ ಹೆಚ್ಚಿನವರು ನೆರೆಯವರ ಸ್ವಭಾವವನ್ನು ಪುಟಗಟ್ಟಲೆ ವರ್ಣಿಸುತ್ತಾರೆ, ರಸ್ತೆಯ ಅಗಲವನ್ನು ಮಾತ್ರ ಬರೆಯುವುದಿಲ್ಲ. ನೀವು ಟೇಪು ಹಿಡಿದಿದ್ದೀರಿ. ಆದ್ದರಿಂದ ಉಪದೇಶವನ್ನು ಬದಿಗಿಟ್ಟು ಲೆಕ್ಕ ಹಾಕೋಣ.

ಸಾಮಾನ್ಯ ಕಾರಿನ ಅಗಲ 1.8 ಮೀಟರ್. ಎರಡು ಪಕ್ಕದ ಕನ್ನಡಿಗಳೂ ಸೇರಿದರೆ ಎರಡು ಮೀಟರ್. ಎರಡು ಚಕ್ರ ಏರಿಸಿ ನಿಲ್ಲಿಸಿದಾಗ ಅದರಲ್ಲಿ ಒಂದು ಮೀಟರ್ ಪಾದಚಾರಿ ಮಾರ್ಗದ ಮೇಲಿರುತ್ತದೆ, ಒಂದು ಮೀಟರ್ ಟಾರಿನ ಮೇಲಿರುತ್ತದೆ. ರಸ್ತೆಯ ಎರಡೂ ಬದಿಯಲ್ಲಿ ಹೀಗೆ ನಿಂತರೆ ಟಾರಿನಲ್ಲಿ ಎರಡು ಮೀಟರ್ ಹೋಯಿತು, ಸಂಚಾರಕ್ಕೆ ಉಳಿದದ್ದು ಮೂರೂವರೆ. ಪಾದಚಾರಿ ಮಾರ್ಗದಲ್ಲಿ ಉಳಿದದ್ದು ಬರೀ ಅರ್ಧ ಮೀಟರ್. ಗಾಲಿಕುರ್ಚಿಯ ಅಗಲವೇ 70 ಸೆಂಟಿಮೀಟರಿನಷ್ಟಿರುತ್ತದೆ, ಚಕ್ರ ತಳ್ಳುವ ಮೊಣಕೈಗಳಿಗೂ ಸೇರಿಸಿದರೆ 90 ಬೇಕು. ಎದುರು ಮನೆಯ ಹಿರಿಯರಿಗೆ ದಾರಿ ಇಕ್ಕಟ್ಟಾಗಿದೆ ಎನ್ನುವುದು ಸರಿಯಲ್ಲ, ಅವರಿಗೆ ದಾರಿಯೇ ಇಲ್ಲ.

ಈಗ ಇನ್ನೊಂದು ಏರ್ಪಾಡನ್ನು ನೋಡಿ. ಕಾರುಗಳು ಒಂದೇ ಬದಿಯಲ್ಲಿ ನಿಂತಿವೆ, ನಾಲ್ಕೂ ಚಕ್ರಗಳು ಕೆಳಗಿವೆ. ಟಾರಿನಲ್ಲಿ ಹೋದದ್ದು ಎರಡು ಮೀಟರ್. ಉಳಿದದ್ದು ಅದೇ ಮೂರೂವರೆ! ಆಂಬುಲೆನ್ಸಿಗೆ ಒಂದು ಸೆಂಟಿಮೀಟರ್ ಕೂಡ ಕಡಿಮೆಯಾಗಲಿಲ್ಲ, ಎರಡೂ ಬದಿಯ ಪಾದಚಾರಿ ಮಾರ್ಗ ಪೂರ್ತಿಯಾಗಿ ಜನರಿಗೆ ಮರಳಿತು. ಅಂದರೆ ಇಷ್ಟು ದಿನ ನಿಮ್ಮ ರಸ್ತೆಯ ಪಾದಚಾರಿ ಮಾರ್ಗವನ್ನು ಬಿಟ್ಟುಕೊಟ್ಟು ನೀವೆಲ್ಲ ಪಡೆದದ್ದು ಎರಡನೆಯ ಸಾಲಿನ ಕಾರುಗಳಿಗೆ ಜಾಗ. ಆಂಬುಲೆನ್ಸಿನ ಹೆಸರನ್ನು ಅದಕ್ಕೆ ಬಳಸಿಕೊಂಡಿರಿ. ಬೇಕೆಂದೇ ಮಾಡಿದಿರಿ ಎನ್ನುತ್ತಿಲ್ಲ. ಮೊದಲು ಬಂದವನು ಕನ್ನಡಿ ಗೀಚೀತೆಂದು ಏರಿಸಿರುತ್ತಾನೆ, ಎದುರಿನವನು ಅವನನ್ನು ನೋಡಿ ಏರಿಸಿರುತ್ತಾನೆ, ಮೂರನೆಯವನ ಹೊತ್ತಿಗೆ ಅದೇ ರೂಢಿಯಾಗಿರುತ್ತದೆ. ಕಾರಣ ಆಮೇಲೆ ಹುಟ್ಟುತ್ತದೆ.

ಅಗ್ನಿಶಾಮಕ ವಾಹನದ ಲೆಕ್ಕ ಇನ್ನಷ್ಟು ಬಿಗಿ. ಅದರ ಮೈ ಅಗಲ ಎರಡೂವರೆ ಮೀಟರ್, ಕನ್ನಡಿಗಳು ಸೇರಿದರೆ ಮೂರರ ಹತ್ತಿರ. ಮೂರೂವರೆ ಮೀಟರಿನಲ್ಲಿ ಅದು ನಿಧಾನವಾಗಿ ಹಾದುಹೋಗಬಹುದು. ಆದರೆ ಬಾಗಿಲು ತೆರೆದು, ಪೈಪು ಬಿಚ್ಚಿ ಕೆಲಸ ಮಾಡಲು ಇನ್ನೂ ಜಾಗ ಬೇಕು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿಯಲ್ಲಿ ಇದಕ್ಕೆ 3.7 ಮೀಟರ್ ಹೇಳಲಾಗಿದೆ. ನಿಮ್ಮ ಈಗಿನ ಏರ್ಪಾಡಿನಲ್ಲಿ ಆ 3.7 ರಸ್ತೆಯ ಉದ್ದಕ್ಕೂ ಎಲ್ಲಿಯೂ ಸಿಗುವುದಿಲ್ಲ. ಒಂದೇ ಬದಿಯ ನಿಲುಗಡೆಯಲ್ಲಾದರೆ ನಾಲ್ಕೈದು ಕಾರುಗಳಿಗೊಮ್ಮೆ ಒಂದು ಖಾಲಿ ಜಾಗ ಬಿಟ್ಟರೆ ಸಾಕು, ಅಲ್ಲಿ ಪೂರ್ತಿ ಐದೂವರೆ ಮೀಟರ್ ತೆರೆದುಕೊಳ್ಳುತ್ತದೆ. ಎದುರುಬದುರಾದ ವಾಹನಗಳು ದಾರಿ ಬಿಟ್ಟುಕೊಳ್ಳುವುದೂ ಅಲ್ಲಿಯೇ.

ಈ ಅಳತೆಗಳು ಎಲ್ಲ ರಸ್ತೆಗೂ ಸಲ್ಲುವುದಿಲ್ಲ. ಟಾರು ಭಾಗ ನಾಲ್ಕು ಮೀಟರ್ ಮಾತ್ರ ಇದ್ದರೆ ಅಲ್ಲಿ ಒಂದು ಬದಿಯಲ್ಲೂ ಕಾರು ನಿಲ್ಲುವಂತಿಲ್ಲ. ಏಳೂವರೆ ಇದ್ದರೆ ಎರಡೂ ಬದಿಯಲ್ಲಿ ನಾಲ್ಕೂ ಚಕ್ರ ಕೆಳಗಿಟ್ಟು ನಿಲ್ಲಿಸಬಹುದು. ಅಂಥ ರಸ್ತೆಯಲ್ಲೂ ಮೇಲೇರಿಸುವವರಿದ್ದಾರೆ, ಅವರ ಬಳಿ ಅಭ್ಯಾಸಬಲ ಬಿಟ್ಟರೆ ಬೇರೆ ಕಾರಣವಿರುವುದಿಲ್ಲ.

ಕಾರುಗಳೂ ಸುಮ್ಮನಿಲ್ಲ. 1959ರ ಮೂಲ ಮಿನಿ ಕಾರಿನ ಅಗಲ ಸುಮಾರು 1.4 ಮೀಟರ್. ಯುರೋಪಿನಲ್ಲಿ ಮಾರಾಟವಾಗುವ ಹೊಸ ಕಾರುಗಳ ಸರಾಸರಿ ಅಗಲ 2023ರಲ್ಲಿ 180 ಸೆಂಟಿಮೀಟರ್ ದಾಟಿತು. ರಸ್ತೆ ಇದ್ದಷ್ಟೇ ಇದೆ. ಹೆಚ್ಚಾದ ಆ 40 ಸೆಂಟಿಮೀಟರ್ ನಡೆಯುವವರ ಪಾಲಿನಿಂದಲೇ ಹೋಗಿದೆ.

ಗಾಲಿಕುರ್ಚಿಯ ಹಿರಿಯರು ಬಂದಮೇಲೆ ನಿಮಗೆ ಇದು ಕಣ್ಣಿಗೆ ಬಿತ್ತು. ಅವರಿಗಿಂತ ಮೊದಲೂ ತೊಂದರೆಪಡುತ್ತಿದ್ದವರು ಇದ್ದೇ ಇದ್ದರು, ಅವರು ದೂರು ಹೇಳದೆ ರಸ್ತೆಗಿಳಿಯುತ್ತಿದ್ದರು, ಅಷ್ಟೆ. ದೃಷ್ಟಿಯಿಲ್ಲದವರನ್ನೇ ತೆಗೆದುಕೊಳ್ಳಿ. ಬಿಳಿ ಕೋಲು ನೆಲದ ಮಟ್ಟದಲ್ಲಿ ಆಡುತ್ತದೆ, ಚಕ್ರವನ್ನೋ ಬಂಪರನ್ನೋ ಗುರುತಿಸುತ್ತದೆ. ಸೊಂಟಕ್ಕಿಂತ ಮೇಲೆ ಚಾಚಿಕೊಂಡ ಕನ್ನಡಿ ಅದಕ್ಕೆ ಸಿಗುವುದಿಲ್ಲ, ಮೈಗೇ ತಾಕುತ್ತದೆ. ರಸ್ತೆಗೆ ಇಳಿಯಲೇಬೇಕಾದಾಗ ಅವರು ತಮ್ಮ ದಿಕ್ಕು ಹೇಳುತ್ತಿದ್ದ ಅಂಚುಗಲ್ಲನ್ನು ಬಿಟ್ಟು ಬರಬೇಕು, ಮತ್ತೆ ಎಲ್ಲಿ ಹತ್ತಬೇಕೆಂಬುದು ಎಷ್ಟು ಕಾರುಗಳು ಸಾಲಾಗಿ ನಿಂತಿವೆ ಎಂಬುದರ ಮೇಲೆ ಹೋಗುತ್ತದೆ. ಅದು ದಿನವೂ ಬೇರೆ. ಇನ್ನು ಮಕ್ಕಳು. ನಿಂತ ಕಾರುಗಳ ನಡುವಿನಿಂದ ರಸ್ತೆಗಿಳಿಯುವ ಆರು ವರ್ಷದ ಮಗುವಿನ ತಲೆ ದೊಡ್ಡ ಕಾರಿನ ಬಾನೆಟ್ಟಿಗಿಂತ ಅಷ್ಟೇನೂ ಎತ್ತರವಿರುವುದಿಲ್ಲ. ಬರುವ ಚಾಲಕನಿಗೆ ಮಗು ಕಾಣುವುದಿಲ್ಲ, ಮಗುವಿಗೆ ವಾಹನ ಕಾಣುವುದಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಕಾರುಗಳನ್ನು ಮೇಲೇರಿಸಿದಾಗ ಎದುರಿಗೆ ಕಾಣುವ ದಾರಿ ನೇರವಾಗಿ, ತೆರೆದುಕೊಂಡಂತೆ ಇರುತ್ತದೆ. ಹಾದುಹೋಗುವ ಚಾಲಕ ವೇಗ ಹೆಚ್ಚಿಸುತ್ತಾನೆ. ಅದೇ ಕಾರುಗಳು ಟಾರಿನ ಮೇಲೆ, ಸ್ವಲ್ಪ ದೂರ ಎಡಕ್ಕೆ, ಸ್ವಲ್ಪ ದೂರ ಬಲಕ್ಕೆ ನಿಂತಿದ್ದರೆ ದಾರಿ ಅಂಕುಡೊಂಕಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ವೇಗತಡೆ ದಿಬ್ಬ ಬೇಕೆಂದು ಅರ್ಜಿ ಬರೆಯುವ ಬಡಾವಣೆಗಳಲ್ಲೇ ಕಾರುಗಳೆಲ್ಲ ಫುಟ್‌ಪಾತ್ ಏರಿ, ಹಾದುಹೋಗುವವರಿಗೆ ಹೆದ್ದಾರಿ ಮಾಡಿಕೊಟ್ಟಿರುವುದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ನಿಂತ ಕಾರಿನಷ್ಟು ಅಗ್ಗದ ವೇಗತಡೆ ಬೇರೊಂದಿಲ್ಲ, ಅದು ಟಾರಿನ ಮೇಲೆ ನಿಂತಿರಬೇಕು.

ಹಾಸುಗಲ್ಲಿನ ಗತಿಯನ್ನೂ ನೋಡಿ. ಒಂದೂವರೆ ಟನ್ನಿನ ಕಾರಿನಲ್ಲಿ ಒಂದೊಂದು ಚಕ್ರದ ಮೇಲೆ 375 ಕಿಲೋ ಭಾರ ಬೀಳುತ್ತದೆ. ಪಾದಚಾರಿ ಮಾರ್ಗದ ಹಾಸು ಜನರ ತೂಕಕ್ಕೆ ಹಾಕಿದ್ದು, ಮರಳಿನ ತೆಳು ಹಾಸಿಗೆಯ ಮೇಲೆ ಕೂರಿಸಿದ್ದು. ಮೊದಲು ಅಂಚುಗಲ್ಲು ಹೊರಕ್ಕೆ ವಾಲುತ್ತದೆ, ಹಿಂದಿನ ಸಂದಿಯಲ್ಲಿ ನೀರಿಳಿದು ಮರಳು ಕೊಚ್ಚಿಹೋಗುತ್ತದೆ, ಕಲ್ಲು ಒಂದು ಮೂಲೆಯಲ್ಲಿ ಕುಸಿಯುತ್ತದೆ. ಆಮೇಲೆ ಕಾರು ಇಲ್ಲದ ಹೊತ್ತಿನಲ್ಲೂ ಅಲ್ಲಿ ನಡೆಯಲಾಗದು. ಹಾಸಿನ ಕೆಳಗಿರುವ ನೀರಿನ ಪೈಪು, ಕೇಬಲ್ಲುಗಳ ಮುಚ್ಚಳಗಳ ಕಥೆಯೂ ಅದೇ. ಟೈರಿನ ಪಕ್ಕಗೋಡೆಗೂ ಚಕ್ರದ ಅಲೈನ್‌ಮೆಂಟಿಗೂ ದಿನಕ್ಕೆರಡು ಬಾರಿ ಅಂಚುಗಲ್ಲು ಹತ್ತಿಳಿಯುವುದು ಒಳ್ಳೆಯದಲ್ಲ. ನಡೆಯುವವರ ಕಷ್ಟ ಕೇಳಿಸದ ಕೆಲವರಿಗೆ ಈ ಕೊನೆಯ ವಾಕ್ಯ ಕೇಳಿಸುತ್ತದೆ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ನಾಳೆ ಬೀದಿಯಲ್ಲಿ ಮಾತು ಅಲ್ಲಿಗೇ ಹೋಗುತ್ತದೆ. ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಪ್ಪಂದದ ಪ್ರಕಾರ, ಆಯಾ ದೇಶದ ಕಾನೂನು ಬಿಟ್ಟುಕೊಟ್ಟಲ್ಲಿ ಹೊರತು, ಪಾದಚಾರಿಗಳಿಗೆಂದೇ ಇರುವ ಜಾಗದಲ್ಲಿ ವಾಹನ ನಿಲ್ಲಿಸುವಂತಿಲ್ಲ. ಭಾರತದಲ್ಲಿ 2017ರ ಮೋಟಾರು ವಾಹನ ಚಾಲನಾ ನಿಯಮಗಳು ಇದನ್ನು ನಿಷೇಧಿಸಿವೆ. ಲಂಡನ್ನಿನಲ್ಲಿ 1974ರ ಕಾನೂನಿನಿಂದ ನಿಷೇಧವಿದೆ. ಇಂಗ್ಲೆಂಡಿನ ಉಳಿದ ಭಾಗದ್ದು ಒಂದು ವಿಚಿತ್ರ. ಪಾದಚಾರಿ ಮಾರ್ಗದ ಮೇಲೆ ವಾಹನ ಓಡಿಸುವುದು 1835ರ ಹೆದ್ದಾರಿ ಕಾಯಿದೆಯ ಕಾಲದಿಂದ ಅಪರಾಧ, ಅಲ್ಲಿ ನಿಲ್ಲಿಸುವುದಕ್ಕೆ ಮಾತ್ರ ಲಂಡನ್ನಿನಲ್ಲಿರುವಂಥ ಸಾರಾಸಗಟು ನಿಷೇಧ ಬಹುಕಾಲ ಬರಲೇ ಇಲ್ಲ. ಓಡಿಸದೆ ಕಾರು ಅಲ್ಲಿಗೆ ಹೇಗೆ ಏರಿತೆಂದು ಕೇಳಬೇಡಿ.

ನಿಮ್ಮ ಪ್ರಶ್ನೆಗೆ ಹತ್ತಿರವಾದವು ಸ್ಕಾಟ್ಲೆಂಡ್ ಮತ್ತು ಜರ್ಮನಿ. ಸ್ಕಾಟ್ಲೆಂಡ್ 2019ರಲ್ಲಿ ಕಾಯಿದೆ ಮಾಡಿತು, ಸ್ಥಳೀಯ ಸಂಸ್ಥೆಗಳಿಗೆ ದಂಡ ಹಾಕುವ ಅಧಿಕಾರ ಬಂದದ್ದು 2023ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲೂ ನಿಮ್ಮದೇ ವಾದ ಎದ್ದಿತ್ತು: ನಮ್ಮ ರಸ್ತೆ ಕಿರಿದು, ತುರ್ತು ವಾಹನ ಬರಲಾಗದು, ವಿನಾಯಿತಿ ಕೊಡಿ. ಕಾನೂನಿನಲ್ಲಿ ವಿನಾಯಿತಿಗೆ ಅವಕಾಶವೂ ಇತ್ತು. ಎಡಿನ್‌ಬರೋ ನಗರಾಡಳಿತ ತನ್ನ ರಸ್ತೆಗಳನ್ನು ಪರಿಶೀಲಿಸಿ, 2024ರ ಜನವರಿಯಲ್ಲಿ ಜಾರಿ ಆರಂಭಿಸಿದಾಗ ಒಂದು ರಸ್ತೆಗೂ ವಿನಾಯಿತಿ ಕೊಡಲಿಲ್ಲ. ಜರ್ಮನಿಯಲ್ಲಿ ಸೂಚನಾ ಫಲಕವೋ ಗುರುತೋ ಇಲ್ಲದ ಕಡೆ ಪಾದಚಾರಿ ಮಾರ್ಗದಲ್ಲಿ ನಿಲ್ಲಿಸುವುದು ನಿಷಿದ್ಧ, ಆದರೆ ನಗರಗಳು ದಶಕಗಳ ಕಾಲ ಕಂಡೂ ಕಾಣದಂತಿದ್ದವು. ಬ್ರೆಮೆನ್ ನಗರದ ಕೆಲವು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2024ರ ಜೂನ್ 6ರಂದು ಜರ್ಮನಿಯ ಅತ್ಯುನ್ನತ ಆಡಳಿತ ನ್ಯಾಯಾಲಯ ತೀರ್ಪು ಕೊಟ್ಟಿತು: ತಮ್ಮ ಮನೆಯ ಮುಂದಿನ ಪಾದಚಾರಿ ಮಾರ್ಗದ ಬಳಕೆಗೆ ಗಣನೀಯ ಅಡ್ಡಿಯಾದರೆ, ಆಡಳಿತ ಕ್ರಮಕ್ಕೆ ಮುಂದಾಗಬೇಕೆಂದು ನಿವಾಸಿಗಳು ಕೇಳಬಹುದು. ಅದೇ ತೀರ್ಪು, ಸಮಸ್ಯೆ ನಗರದ ತುಂಬ ಇರುವುದರಿಂದ ಹೆಚ್ಚು ತೊಂದರೆಯಿರುವ ರಸ್ತೆಗಳಿಂದ ಹಂತಹಂತವಾಗಿ ಆರಂಭಿಸಲು ಆಡಳಿತಕ್ಕೆ ಅವಕಾಶವಿದೆ ಎಂದೂ ಹೇಳಿತು. ಈ ಎರಡನೆಯ ಮಾತು ಹೋರಾಟಗಾರರಿಗೆ ಹಿಡಿಸಲಾರದು, ನನಗೆ ಮಾತ್ರ ಅದು ವಿವೇಕದ ಮಾತೆನಿಸಿತು. ಒಂದೇ ರಾತ್ರಿಯಲ್ಲಿ ಎಲ್ಲ ಕಾರುಗಳನ್ನು ಇಳಿಸಲು ಹೊರಟ ಆಡಳಿತ ಮರುವಾರ ಎಲ್ಲವನ್ನೂ ಮತ್ತೆ ಏರಿಸಿಕೊಡುತ್ತದೆ.

ಕಾನೂನು ಇದ್ದಮಾತ್ರಕ್ಕೆ ಕಾರು ಇಳಿಯುವುದಿಲ್ಲ. ಕೊಲಂಬಿಯಾದ ರಾಜಧಾನಿ ಬೊಗೊಟಾದ ಮೇಯರ್ ಆಗಿದ್ದ ಎನ್ರಿಕೆ ಪೆನಲೋಸಾ 1998ರಿಂದ 2000ದ ನಡುವೆ ಫುಟ್‌ಪಾತುಗಳಿಂದ ಕಾರುಗಳನ್ನು ತೆರವುಗೊಳಿಸಿ ಸಾಲುಸಾಲಾಗಿ ಬೊಲ್ಲಾರ್ಡ್, ಅಂದರೆ ಕಾರು ತಡೆಯುವ ಗಿಡ್ಡ ಕಂಬಗಳನ್ನು ನೆಡಿಸಿದರು. ಅವರನ್ನು ಹುದ್ದೆಯಿಂದಿಳಿಸುವ ಪ್ರಯತ್ನವೇ ನಡೆಯಿತು. ಬೊಲ್ಲಾರ್ಡ್ ಕೆಲಸ ಮಾಡುತ್ತದೆ, ನಿಜ. ಆದರೆ ನಿಮ್ಮ ರಸ್ತೆಗೆ ನಾನು ಅದನ್ನು ಮೊದಲ ಮದ್ದಾಗಿ ಹೇಳುವುದಿಲ್ಲ. ಒಂದೂವರೆ ಮೀಟರಿನ ಮಾರ್ಗದಲ್ಲಿ ಅಂಚಿನಿಂದ ಸ್ವಲ್ಪ ಒಳಗೆ ಕಂಬ ನೆಟ್ಟರೆ ಉಳಿಯುವುದು ಒಂದು ಮೀಟರ್ ಚಿಲ್ಲರೆ, ಕಾರನ್ನು ತಡೆಯಲು ಹೋಗಿ ಗಾಲಿಕುರ್ಚಿಗೆ ಇನ್ನೊಂದು ತೊಡಕು. ತೀರಾ ಹಟ ಹಿಡಿದ ಜಾಗಗಳಲ್ಲಿ, ಮುಖ್ಯವಾಗಿ ತಿರುವುಗಳಲ್ಲಿ ಮಾತ್ರ ನೆಡಿ. ನೆಡುವುದಾದರೆ ಎರಡರ ನಡುವೆ 1.2 ಮೀಟರಿಗಿಂತ ಕಡಿಮೆಯಾಗಬಾರದು, ಬಣ್ಣ ನೆಲದಿಂದ ಬೇರೆಯಾಗಿ ಕಾಣಬೇಕು. ಹೂವಿನ ಕುಂಡಗಳನ್ನಂತೂ ಇಡಲೇಬೇಡಿ. ಮೊದಲ ತಿಂಗಳು ಹೂವು, ಮೂರನೆಯ ತಿಂಗಳು ಕಸ, ಆಮೇಲೆ ಯಾರೋ ಅದನ್ನು ತಮ್ಮ ಕಾರಿನ ಜಾಗ ಕಾಯ್ದಿರಿಸಲು ಎಳೆದುಕೊಂಡು ಹೋಗುತ್ತಾರೆ.

ನಿಮಗೆ ಬೇಕಾದದ್ದು ಒಂದು ಬದಿಯ ನಿಲುಗಡೆ, ಅದಕ್ಕೆ ಟಾರಿನ ಮೇಲೆ ಬಿಳಿ ಬಣ್ಣದ ಗುರುತು. ಬಣ್ಣವನ್ನು ಕಡೆಗಣಿಸಬೇಡಿ. ಎಲ್ಲಿ ನಿಲ್ಲಿಸಬಾರದು ಎನ್ನುವ ಫಲಕಕ್ಕಿಂತ ಎಲ್ಲಿ ನಿಲ್ಲಿಸಬಹುದು ಎಂದು ತೋರಿಸುವ ಚೌಕ ಹೆಚ್ಚು ಕೆಲಸ ಮಾಡುತ್ತದೆ. ತಿರುವಿನಿಂದ ಕನಿಷ್ಠ ಐದು ಮೀಟರ್ ಖಾಲಿ ಬಿಡಿ, ಸಾಧ್ಯವಾದರೆ ಹತ್ತು. ಅಗ್ನಿಶಾಮಕ ವಾಹನ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ, ನೇರ ದಾರಿಯಲ್ಲಲ್ಲ.

ಯಾವ ಬದಿ ಎಂಬ ಜಗಳ ಬಂದೇ ಬರುತ್ತದೆ. ತಮಾಷೆಯೆಂದರೆ ಮೊದಲು ಎರಡೂ ಬದಿಯವರು ತಮ್ಮ ಬದಿಗೇ ಕಾರು ಬೇಕೆನ್ನುತ್ತಾರೆ, ಆರು ತಿಂಗಳಾದಮೇಲೆ ಕಿಟಕಿಯ ಮುಂದೆ ಕಾರಿಲ್ಲದ ಬದಿಯವರು ಸುಮ್ಮನಾಗುತ್ತಾರೆ. ಫ್ರಾನ್ಸಿನ ಸಂಚಾರ ನಿಯಮದಲ್ಲಿ ಇದಕ್ಕೊಂದು ಸೊಗಸಾದ ಏರ್ಪಾಡಿದೆ. ಅಂಥ ಫಲಕವಿರುವ ರಸ್ತೆಗಳಲ್ಲಿ ತಿಂಗಳ 1ರಿಂದ 15ರವರೆಗೆ ಬೆಸ ಸಂಖ್ಯೆಯ ಮನೆಗಳ ಬದಿ, 16ರಿಂದ ತಿಂಗಳ ಕೊನೆಯವರೆಗೆ ಸಮ ಸಂಖ್ಯೆಯ ಬದಿ. ಬದಲಾಯಿಸುವುದು ಅವಧಿಯ ಕೊನೆಯ ದಿನ ರಾತ್ರಿ ಎಂಟೂವರೆಯಿಂದ ಒಂಬತ್ತರ ನಡುವೆ. ಹೊರೆ ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ, ತಿಂಗಳಿಗೊಮ್ಮೆ ಒಂದೊಂದು ಅಂಚಿನ ಚರಂಡಿಯೂ ಗುಡಿಸಲು ಸಿಗುತ್ತದೆ, ವರ್ಷಗಟ್ಟಲೆ ಅಲುಗದ ಧೂಳುಹಿಡಿದ ಕಾರು ಯಾರದೆಂಬುದೂ ಬಯಲಾಗುತ್ತದೆ.

ಇನ್ನು ಯಾರೂ ಹೇಳಲು ಇಷ್ಟಪಡದ ಭಾಗ. ಸಾಲು ಎರಡರಿಂದ ಒಂದಾದಾಗ ಅರ್ಧದಷ್ಟು ಕಾರುಗಳಿಗೆ ನಿಮ್ಮ ರಸ್ತೆಯಲ್ಲಿ ಜಾಗವಿರುವುದಿಲ್ಲ. ನೂರು ಮೀಟರ್ ಉದ್ದಕ್ಕೆ, ಗೇಟುಗಳನ್ನೂ ತಿರುವನ್ನೂ ಖಾಲಿ ಜಾಗಗಳನ್ನೂ ಕಳೆದರೆ, ಹತ್ತು ಹನ್ನೆರಡು ಕಾರು ಹಿಡಿದೀತು. ಉಳಿದವು ಎಲ್ಲಿಗೆ ಹೋಗಬೇಕು? ಮೊದಲು ಮನೆಗಳ ಒಳಗೆ ನೋಡಿ. ಕಾರಿಗೆಂದು ಕಟ್ಟಿಸಿದ ಶೆಡ್ಡಿನಲ್ಲಿ ಹಳೆಯ ಮಂಚ, ಮುರಿದ ಸೈಕಲ್, ಬಣ್ಣದ ಡಬ್ಬಗಳಿದ್ದು ಕಾರು ಮಾತ್ರ ಬೀದಿಯಲ್ಲಿರುವ ಮನೆಗಳು ಪ್ರತಿ ರಸ್ತೆಯಲ್ಲೂ ಇರುತ್ತವೆ. ಆಮೇಲೆ ಹತ್ತಿರದ ಅಗಲ ರಸ್ತೆ. ರಾತ್ರಿ ಖಾಲಿ ಬಿದ್ದಿರುವ ಕಚೇರಿಯ ಅಂಗಳಕ್ಕೆ ಬಾಡಿಗೆ ಕೊಡುವುದೂ ಒಂದು ದಾರಿ. ಇಷ್ಟಾದಮೇಲೂ ಉಳಿಯುವ ಕಾರುಗಳಿದ್ದರೆ ಆ ರಸ್ತೆಗೆ ಅವು ಹೆಚ್ಚಾದವು ಎಂದೇ ಅರ್ಥ. ಜಪಾನ್ 1962ರಲ್ಲೇ ಇದನ್ನು ಕಾನೂನಾಗಿ ಬರೆದಿಟ್ಟಿತು. ಕಾರು ಇಟ್ಟುಕೊಳ್ಳುವವರು ರಸ್ತೆಯಲ್ಲದ ಕಡೆ, ಮನೆಯಿಂದ ಎರಡು ಕಿಲೋಮೀಟರಿನೊಳಗೆ, ತಮಗೆ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ರಾತ್ರಿ ಹೊತ್ತು ರಸ್ತೆಯ ಒಂದೇ ಜಾಗದಲ್ಲಿ ಎಂಟು ಗಂಟೆಗೂ ಹೆಚ್ಚು ಕಾಲ ಕಾರು ಬಿಡುವುದೂ ಅಲ್ಲಿ ಅಪರಾಧ. ಕಾರು ಕೊಂಡವರೆಲ್ಲರಿಗೂ ಮನೆಯ ಮುಂದೆ ಜಾಗ ಸಿಗಲೇಬೇಕು ಎಂಬುದು ಎಲ್ಲಿಯೂ ಬರೆಯದ ಹಕ್ಕು. ‘ನನ್ನ ಮನೆಯ ಮುಂದಿನ ಜಾಗ’ ಎನ್ನುವವರು ಮನೆಯ ಪತ್ರ ತೆರೆದು ಗಡಿ ಎಲ್ಲಿ ಮುಗಿಯುತ್ತದೆಂದು ನೋಡಿಕೊಳ್ಳಲಿ.

ಬೀದಿಯವರನ್ನು ಒಪ್ಪಿಸುವ ಬಗೆ. ಗಾಜಿನ ಮೇಲೆ ಚೀಟಿ ಅಂಟಿಸಬೇಡಿ, ನಂಬರ್ ಪ್ಲೇಟಿನ ಚಿತ್ರ ತೆಗೆದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅವಮಾನವಾದವನು ಕಾರು ಇಳಿಸುವುದಿಲ್ಲ, ಮರುದಿನ ಇನ್ನೂ ಒಂದಡಿ ಒಳಗೆ ಏರಿಸುತ್ತಾನೆ. ಒಂದು ಹಾಳೆಯಲ್ಲಿ ಮೇಲಿನ ಎರಡು ಏರ್ಪಾಡುಗಳ ಚಿತ್ರಗಳನ್ನು ಅಳತೆಸಮೇತ ಬರೆದು ಮನೆಮನೆಗೆ ಹೋಗಿ. ಎರಡರಲ್ಲೂ ಮೂರೂವರೆ ಎಂಬ ಅದೇ ಅಂಕಿ ಇರುವುದನ್ನು ಅವರೇ ಕಂಡುಕೊಳ್ಳಲಿ. ಅಗ್ನಿಶಾಮಕ ಠಾಣೆಗೆ ಹೋಗಿ, ಸಂಜೆ ಕಾರುಗಳೆಲ್ಲ ನಿಂತಿರುವ ಹೊತ್ತಿನಲ್ಲಿ ಒಮ್ಮೆ ವಾಹನ ತಂದು ನೋಡಲು ಕೇಳಿ. ಅದು ತಿರುವಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಹೋಗುವುದನ್ನು ಕಂಡವರಿಗೆ ಬೇರೆ ಭಾಷಣ ಬೇಕಾಗುವುದಿಲ್ಲ. ಆಮೇಲೆ ಒಂದು ತಿಂಗಳ ಪ್ರಯೋಗ ಎಂದು ಹೇಳಿ, ಕಾಯಂ ಎನ್ನಬೇಡಿ. ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಡುವಾಗ ದೂರಿನ ಜೊತೆಗೆ ಈ ನಕ್ಷೆ ಮತ್ತು ಸಹಿಗಳಿರಲಿ. ರಸ್ತೆಗೆ ಬಣ್ಣ ಬಳಿಯುವುದು ಅವರ ಅಧಿಕಾರ, ನೀವಾಗಿಯೇ ಬಳಿದರೆ ಇಡೀ ಪ್ರಯತ್ನ ಆ ತಪ್ಪಿನ ಮೇಲೆ ಮುರಿದುಬೀಳುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ. ಇಂದು ರಾತ್ರಿ ನೀವೊಬ್ಬರೇ ಕಾರನ್ನು ಪೂರ್ತಿ ಕೆಳಗಿಳಿಸಿ, ಎದುರಿನ ಕಾರು ಎರಡು ಚಕ್ರ ಏರಿಸಿಯೇ ನಿಂತಿದ್ದರೆ ನಡುವೆ ಉಳಿಯುವುದು ಎರಡೂವರೆ ಮೀಟರ್. ಆಂಬುಲೆನ್ಸ್ ಕಷ್ಟಪಟ್ಟು ಹೋಗಬಹುದು, ಅಗ್ನಿಶಾಮಕ ವಾಹನ ಹೋಗದು. ಸದುದ್ದೇಶದ ಒಬ್ಬ ಮನುಷ್ಯನಿಂದ ರಸ್ತೆ ಮುಚ್ಚಿಹೋಗುತ್ತದೆ, ಬೀದಿಯವರೆಲ್ಲ ‘ನಾವು ಹೇಳಿರಲಿಲ್ಲವೇ’ ಎನ್ನುತ್ತಾರೆ. ಆದ್ದರಿಂದ ಒಬ್ಬರೇ ಇಳಿಸಬೇಡಿ, ಎದುರಿನವರೊಂದಿಗೆ ಸೇರಿ ಜೋಡಿಯಾಗಿ ಇಳಿಸಿ: ಒಂದು ಕಾರು ಕೆಳಗೆ ನಿಲ್ಲಲಿ, ಎದುರಿನ ಜಾಗ ಖಾಲಿಯಾಗಲಿ, ಇನ್ನೊಂದು ಕಾರು ಶೆಡ್ಡಿಗೋ ಅಗಲ ರಸ್ತೆಗೋ ಹೋಗಲಿ. ವಾರಕ್ಕೊಮ್ಮೆ ಸರದಿ ಬದಲಾಯಿಸಿಕೊಳ್ಳಿ. ನಿಮ್ಮ ಎದುರಿಗಿರುವುದು ಆ ಹಿರಿಯರ ಮನೆಯೇ ಆದ್ದರಿಂದ ಅವರ ಗೇಟಿನ ಮುಂದಿನ ಜಾಗದಿಂದಲೇ ಆರಂಭಿಸಿ. ಅಂಚುಗಲ್ಲನ್ನು ಗಾಲಿಕುರ್ಚಿಗೆ ಇಳಿಜಾರಾಗಿ ತಗ್ಗಿಸಿರುವ ಜಾಗ ರಸ್ತೆಯ ಆ ಬದಿಯಲ್ಲಿ ಎಲ್ಲಿದೆಯೆಂದು ಅವರನ್ನೇ ಕೇಳಿ ತಿಳಿದುಕೊಂಡು, ಅವರ ಗೇಟಿನಿಂದ ಅಲ್ಲಿಯವರೆಗಿನ ಅಷ್ಟೂ ಮನೆಗಳವರನ್ನು ಮೊದಲ ಪಟ್ಟಿಯಲ್ಲಿ ಹಾಕಿಕೊಳ್ಳಿ.